ಪ್ಯಾಂಕ್ರಿಯಾಟೈಟಿಸ್ ಆದ ಹೆಂಡತಿ, ಗ್ರಾಂ ಲೆಕ್ಕ ಬರೆಯುವ ನಾನು: ಇದರಿಂದ ಹೊರಗೆ ಬರುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನನ್ನ ಹೆಂಡತಿಗೆ 38 ವರ್ಷ. ಐದು ತಿಂಗಳ ಹಿಂದೆ ಅವಳಿಗೆ ಜೋರಾದ ಪ್ಯಾಂಕ್ರಿಯಾಟೈಟಿಸ್ ಆಯಿತು, ಅಂದರೆ ಊಟ ಅರಗಿಸುವ ರಸ ಬಿಡುವ ಪ್ಯಾಂಕ್ರಿಯಾಸ್ (ಮೇದೋಜೀರಕ) ಗ್ರಂಥಿಯ ಊತ. 26 ದಿನ ಆಸ್ಪತ್ರೆಯಲ್ಲಿದ್ದಳು, ಅದರಲ್ಲಿ 9 ದಿನ ಐಸಿಯು. ಈಗ ಮನೆಯಲ್ಲಿದ್ದಾಳೆ. ಓಡಾಡುತ್ತಾಳೆ, ನಗುತ್ತಾಳೆ, ಅರ್ಧ ದಿನದ ಕೆಲಸವನ್ನೂ ಶುರು ಮಾಡಿದ್ದಾಳೆ. ಆದರೆ ಊಟಕ್ಕೆ ಕೂತರೆ ಮಾತ್ರ ನಾವಿಬ್ಬರೂ ಬೇರೆ ಯಾರೋ ಆಗಿಬಿಡುತ್ತೇವೆ. ಅದನ್ನು ಕೇಳೋಣ ಅಂತಲೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಕಾರಣ ಪಿತ್ತಕೋಶದ ಕಲ್ಲು. ಪಿತ್ತದ ನಾಳ, ಪ್ಯಾಂಕ್ರಿಯಾಸ್‌ನ ನಾಳ ಎರಡೂ ಸಣ್ಣ ಕರುಳಿಗೆ ಸೇರುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಒಂದು ಚಿಕ್ಕ ಕಲ್ಲು ಜಾರಿ ಬಂದು ಅಲ್ಲಿ ಸಿಕ್ಕಿಕೊಂಡರೆ ಸಾಕಂತೆ. ಊಟ ಅರಗಿಸಬೇಕಾದ ರಸ ಗ್ರಂಥಿಯನ್ನೇ ಅರಗಿಸೋಕೆ ಶುರು ಮಾಡುತ್ತದೆ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಅದಕ್ಕೆ ಏಳು ವಾರ ಮೊದಲು ಒಂದು ಸಲ ಸಣ್ಣದಾಗಿ ನೋವು ಬಂದಿತ್ತು. ಮೂರು ದಿನ ಅಡ್ಮಿಟ್ ಮಾಡಿದ್ದೆವು. ಸ್ಕ್ಯಾನ್‌ನಲ್ಲಿ ಕಲ್ಲು ಕಂಡಿತ್ತು. 'ಈಗ ಆರಾಮಾಗಿದ್ದಾರೆ, ಮತ್ತೆ ನೋವು ಬಂದರೆ ಆಪರೇಷನ್ ಯೋಚಿಸೋಣ' ಅಂತ ಕಳಿಸಿದರು. ನಾನೂ ಏನೂ ಕೇಳಲಿಲ್ಲ. ಬ್ಯಾಗ್ ಎತ್ತಿಕೊಂಡು ಖುಷಿಯಾಗಿ ಮನೆಗೆ ಬಂದೆ. ಆ ಖುಷಿ ನೆನಪಾದರೆ ಇವತ್ತಿಗೂ ಸಂಕಟ ಆಗುತ್ತದೆ.

ಎರಡನೇ ಸಲ ಬಂದಾಗ ರಾತ್ರಿ ಎರಡು ಗಂಟೆ. ಎದ್ದು ನೋಡಿದರೆ ಅವಳು ನೆಲದ ಮೇಲೆ ಕೂತಿದ್ದಳು. ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಮುಂದಕ್ಕೆ ಬಾಗಿದ್ದಳು. ಮಲಗೋಕೆ ಆಗುತ್ತಿರಲಿಲ್ಲ. ಮುಂದಿನಿಂದ ಬೆನ್ನಿಗೆ ತೂರಿಕೊಂಡು ಹೋಗ್ತಿದೆ ಅಂದಳು. ಸಿಟಿ ಸ್ಕ್ಯಾನ್ ಮಾಡಿಸಿದಾಗ ಗ್ರಂಥಿಯ ಒಂದು ಭಾಗ ಸತ್ತುಹೋಗಿದೆ ಅಂತ ಗೊತ್ತಾಯಿತು. 17 ದಿನ ಮೂಗಿನ ಟ್ಯೂಬ್‌ನಲ್ಲೇ ಆಹಾರ. ಊತ ಎಲ್ಲ ಇಳಿದ ಮೇಲೆ, ಹತ್ತನೇ ವಾರದಲ್ಲಿ ಪಿತ್ತಕೋಶ ತೆಗೆದರು.

ಡಿಸ್ಚಾರ್ಜ್ ಮಾಡುವಾಗ ಕೊಟ್ಟ ಹಾಳೆಯಲ್ಲಿ 'ದಿನಕ್ಕೆ 30 ಗ್ರಾಂ ಕೊಬ್ಬು, 5-6 ಸಲ ಸ್ವಲ್ಪ ಸ್ವಲ್ಪ ಊಟ' ಅಂತ ಇತ್ತು. ಆಗ ನನಗೆ ಕೈಗೆ ಸಿಕ್ಕಿದ ಒಂದೇ ಹಿಡಿ ಅದು. ಐಸಿಯು ಬಾಗಿಲ ಹೊರಗೆ ಕೂತವನಿಗೆ ಮಾಡೋಕೆ ಏನೂ ಇರಲಿಲ್ಲ, ಮನೆಗೆ ಬಂದ ಮೇಲೆ ಮಾಡೋಕೆ ಏನೋ ಒಂದು ಸಿಕ್ಕಿತು. ಅಡುಗೆಮನೆಗೆ ತಕ್ಕಡಿ ತಂದೆ. ಒಂದು ನೋಟ್‌ಬುಕ್ ಮಾಡಿದೆ. ಒಂದು ಟೀ ಚಮಚ ಎಣ್ಣೆ ಅಂದರೆ ನಾಲ್ಕೂವರೆ ಗ್ರಾಂ. ಮೊಟ್ಟೆಯ ಹಳದಿ ಹತ್ತಿರ ಹತ್ತಿರ 5, ಬಿಳಿ ಭಾಗದಲ್ಲಿ ಏನೂ ಇಲ್ಲ. ಕೆನೆ ತೆಗೆಯದ ಹಾಲು ಒಂದು ಲೋಟಕ್ಕೆ 8. ಒಂದು ಹಿಡಿ ಬಾದಾಮಿ 14, ಅಂದರೆ ಅರ್ಧ ದಿನದ ಲೆಕ್ಕ ಅಲ್ಲಿಗೇ ಮುಗಿಯಿತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಈಗ ಏನಾಗಿದೆ ಅಂದರೆ, 57 ಕೆಜಿ ಇದ್ದವಳು 43ಕ್ಕೆ ಇಳಿದಿದ್ದಾಳೆ. ಕೂದಲು ಉದುರುತ್ತಿದೆ. ಮಲದಲ್ಲಿ ಜಿಡ್ಡು ತೇಲುತ್ತದೆ. ಹೋದ ತಿಂಗಳು ಎಲಾಸ್ಟೇಸ್ ಅಂತ ಮಲದ ಟೆಸ್ಟ್ ಮಾಡಿಸಿದರು, 84 ಬಂತು. 200ಕ್ಕಿಂತ ಜಾಸ್ತಿ ಇರಬೇಕಿತ್ತಂತೆ. ಗ್ರಂಥಿ ಸಾಕಷ್ಟು ರಸ ಬಿಡುತ್ತಿಲ್ಲ ಅಂತ ಎಂಜೈಮ್ ಕ್ಯಾಪ್ಸೂಲ್ ಶುರು ಮಾಡಿದ್ದಾರೆ. ಜೊತೆಗೆ ಡಾಕ್ಟರ್ ಹೇಳಿದ್ದು, 'ಇನ್ನು ಮೇಲೆ ಜಿಡ್ಡನ್ನು ನಿಧಾನವಾಗಿ ಜಾಸ್ತಿ ಮಾಡಿ, ತೂಕ ಬರಲೇಬೇಕು.'

ಅವಳಿಗೆ ಆಗುತ್ತಿಲ್ಲ. ನಿಜ ಹೇಳಬೇಕು ಅಂದರೆ ನನಗೂ ಆಗುತ್ತಿಲ್ಲ.

ಹೋದ ಭಾನುವಾರ ಆಲೂಗಡ್ಡೆ ಬೇಯಿಸಿ ಹಿಸುಕಿ ಒಂದು ಟೀ ಚಮಚ ಬೆಣ್ಣೆ ಹಾಕಿದೆ. 'ಇದಕ್ಕೇನು ಹಾಕಿದೀಯ?' ಅಂದಳು. ಹೇಳಿದೆ. ಮೂರು ಚಮಚ ತಿಂದಳು. ಆಮೇಲೆ ಚಮಚ ಕೆಳಗಿಟ್ಟು, ಎಡಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿಕೊಂಡು ಗಡಿಯಾರ ನೋಡುತ್ತಾ ಕೂತಳು. ನಾನು ಅವಳ ಮುಖ ನೋಡುತ್ತಾ ಕೂತೆ. ಇಪ್ಪತ್ತು ನಿಮಿಷ. ಏನೂ ಆಗಲಿಲ್ಲ. ಅಷ್ಟರಲ್ಲಿ ಆಲೂಗಡ್ಡೆ ತಣ್ಣಗಾಗಿ ಗಟ್ಟಿಯಾಗಿತ್ತು. ಎತ್ತಿ ಇಟ್ಟೆ.

ಇನ್ನೊಂದು ದಿನ ಮನೆಗೆ ಬಂದವರು ಕೇಕ್ ತಂದಿದ್ದರು. ಅವಳಾಗಿಯೇ ಒಂದು ಸಣ್ಣ ತುಂಡಿಗೆ ಕೈ ಹಾಕಿದಳು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. ನಾನು ಮೇಜಿನ ಆ ಕಡೆಯಿಂದ ಎಲ್ಲರ ಎದುರೇ 'ಅದರಲ್ಲಿ 10 ಗ್ರಾಂ ಇರತ್ತೆ' ಅಂದುಬಿಟ್ಟೆ. ಅವಳು ತುಂಡನ್ನು ವಾಪಸ್ ಇಟ್ಟಳು. ರಾತ್ರಿ ದೀಪ ಆರಿಸಿದ ಮೇಲೆ ಹೇಳಿದಳು, 'ಆಸ್ಪತ್ರೆಯಲ್ಲಿ ಡಾಕ್ಟರ್ ಇದ್ದರು, ನರ್ಸ್ ಇದ್ದರು, ಆಗ ನೀನು ನನ್ನ ಗಂಡ ಆಗಿದ್ದೆ. ಮನೆಗೆ ಬಂದ ಮೇಲೆ ಗಂಡ ಎಲ್ಲಿ ಹೋದ?' ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ಊಟ ಅವಳು ಮಲಗಿದ ಮೇಲೆ, ಸಿಂಕ್ ಹತ್ತಿರ ನಿಂತುಕೊಂಡೇ. ಅವಳ ಎದುರು ತಿನ್ನೋಕೆ ಗಂಟಲಲ್ಲಿ ಇಳಿಯುವುದಿಲ್ಲ. ನಾನೂ 6 ಕೆಜಿ ಇಳಿದಿದ್ದೇನೆ.

ಇದನ್ನು ದಾಟಿ ಬಂದವರು ಹೇಳಿ. ಈ ನೋಟ್‌ಬುಕ್ ಬಿಡುವುದು ಹೇಗೆ? ನೀವು ಅವರ ಎದುರೇ ಊಟ ಮಾಡುತ್ತಿದ್ದಿರಾ? ಕ್ಯಾಪ್ಸೂಲ್ ಶುರು ಮಾಡಿ ಮೂರು ವಾರ ಆಯಿತು, ಏನೂ ವ್ಯತ್ಯಾಸ ಕಾಣುತ್ತಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಬಿಸಿ ಚಹಾ ಜೊತೆ ತಪ್ಪದೆ ಕೊಡುತ್ತಿದ್ದೇನೆ.

ಉತ್ತರ 1

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ವಯಸ್ಸಿನಲ್ಲಿ ದೊಡ್ಡವಳು, ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮ ಯಜಮಾನರಿಗೆ ಹಳೆಯ ಪ್ಯಾಂಕ್ರಿಯಾಟೈಟಿಸ್, ಒಂಬತ್ತು ವರ್ಷ ಆಯಿತು. ಅವರದ್ದು ಕುಡಿತ, ಸಿಗರೇಟ್ ಎರಡೂ ಸೇರಿ ಬಂದದ್ದು. ಕುಡಿತ ಬಿಟ್ಟರು. ಸಿಗರೇಟ್ ಬಿಡೋಕೆ ಇನ್ನೂ ಎರಡು ವರ್ಷ ಹಿಡಿಯಿತು. ಸಿಗರೇಟ್ ಒಂದೇ ಇದ್ದರೂ ಆ ಗ್ರಂಥಿಯನ್ನು ಹಾಳು ಮಾಡುತ್ತದೆ ಅಂತ ಮೊದಲೇ ಗೊತ್ತಿದ್ದರೆ ಇನ್ನೂ ಜೋರಾಗಿ ಹಟ ಹಿಡಿಯುತ್ತಿದ್ದೆ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಅವರಿಗೆ ಬೇಜಾರಾಗಬಾರದು ಅಂತ ಇಡೀ ಮನೆಗೆ ಬೇಯಿಸಿದ್ದನ್ನೇ ಬಡಿಸಿದೆ. ಎರಡು ವರ್ಷ. ಮಗಳಿಗೆ ಆಗ ಹನ್ನೊಂದು. ಅವಳು ಸ್ನೇಹಿತರ ಮನೆಯಲ್ಲಿ ಊಟ ಮಾಡಿ ಬರೋಕೆ ಶುರು ಮಾಡಿದಳು. ಒಂದು ದಿನ ಇವರು ತಟ್ಟೆ ಮುಂದೆ ಕೂತು ಅತ್ತರು. ನನ್ನಿಂದ ಮಗು ಮನೆಯಲ್ಲಿ ಉಣ್ಣುತ್ತಿಲ್ಲ ಅಂತ. ನಾನು ಅವರ ಮೇಲಿನ ಭಾರ ಇಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವರ ಕಣ್ಣಲ್ಲಿ ಅದು ಇನ್ನೊಂದು ಭಾರ ಆಗಿತ್ತು.

ಆವತ್ತಿನಿಂದ ಒಂದು ಪಾತ್ರೆ, ಎಲ್ಲರಿಗೂ ಒಂದೇ ಅಡುಗೆ. ಎಣ್ಣೆ ಇಲ್ಲದೆ ಬೇಯಿಸುವುದು, ಕೆಳಗಿಳಿಸಿದ ಮೇಲೆ ಅವರ ಪಾಲು ತೆಗೆದಿಟ್ಟು, ಉಳಿದದ್ದಕ್ಕೆ ಜಿಡ್ಡು ಸೇರಿಸುವುದು. ಮೇಜಿನ ಮೇಲೆ ಎಣ್ಣೆಯ ಬಟ್ಟಲು, ಅದರಲ್ಲಿ ಒಂದು ಸಣ್ಣ ಚಮಚ. ಯಾರಿಗೆ ಎಷ್ಟು ಬೇಕೋ ಅವರವರೇ ಹಾಕಿಕೊಳ್ಳಬೇಕು. ಅವರಿಗೂ ಅಷ್ಟೇ. ಚಮಚ ಅವರ ಕೈಗೆ ಬಂದ ವಾರದಲ್ಲೇ ನಮ್ಮ ಮನೆಯಲ್ಲಿ ಜಗಳ ಅರ್ಧ ಆಯಿತು. ನಿನ್ನ ನೋಟ್‌ಬುಕ್ ಹರಿದು ಹಾಕಬೇಡ. ಅವಳ ಕೈಗೆ ಕೊಡು. ಹೊಟ್ಟೆ ಅವಳದ್ದು ಅಲ್ವಾ.

ಇನ್ನೊಂದು, 'ನೋವಿದೆಯಾ' ಅಂತ ದಿನಕ್ಕೆ ಎಷ್ಟು ಸಲ ಕೇಳುತ್ತೀಯ ಅಂತ ಒಂದು ದಿನ ಎಣಿಸಿ ನೋಡು. ನಾನು ಎಣಿಸಿದಾಗ ಹದಿನಾಲ್ಕು ಆಗಿತ್ತು. ಈಗ ಮಲಗುವಾಗ ಒಂದೇ ಸಲ ಕೇಳುತ್ತೇನೆ, ಅವರು ಸೊನ್ನೆಯಿಂದ ಹತ್ತರ ಒಳಗೆ ಒಂದು ಅಂಕಿ ಹೇಳುತ್ತಾರೆ. ಮಧ್ಯದಲ್ಲಿ ಏನಾದರೂ ಆದರೆ ಅವರಾಗಿಯೇ ಹೇಳಬೇಕು, ಮುಚ್ಚಿಡಬಾರದು. ಇದು ನಮ್ಮಿಬ್ಬರ ಒಪ್ಪಂದ, ಇವತ್ತಿನವರೆಗೂ ಮುರಿದಿಲ್ಲ.

ಸಿಂಕ್ ಹತ್ತಿರ ನಿಂತು ಉಣ್ಣುವುದನ್ನು ಇವತ್ತೇ ಬಿಡು. ಅವಳಿಗೆ ಅದು ಗೊತ್ತಿಲ್ಲ ಅಂದುಕೊಂಡಿದ್ದೀಯ? ಖಂಡಿತ ಗೊತ್ತಿರುತ್ತದೆ.

ಉತ್ತರ 2

ಸರ್, ನಾನು ಆಸ್ಪತ್ರೆಯಲ್ಲಿ ಡಯಟಿಷಿಯನ್. ನಿಮ್ಮ ಕೊನೆಯ ಸಾಲು ಓದಿ ತಕ್ಷಣ ಬರೆಯುತ್ತಿದ್ದೇನೆ. ಕ್ಯಾಪ್ಸೂಲ್ ಊಟಕ್ಕೆ ಅರ್ಧ ಗಂಟೆ ಮೊದಲು ಬೇಡ, ಬಿಸಿ ಚಹಾ ಜೊತೆಯಂತೂ ಬೇಡವೇ ಬೇಡ. ಆ ಎಂಜೈಮ್ ಅನ್ನದ ಜೊತೆ, ತರಕಾರಿ ಜೊತೆ ಬೆರೆತು ಕೆಲಸ ಮಾಡಬೇಕು. ಊಟ ಬರುವ ಮೊದಲೇ ಅದು ಹೊಟ್ಟೆ ದಾಟಿ ಹೋದರೆ ಏನು ಪ್ರಯೋಜನ? ಬಿಸಿ ತಾಗಿದರೂ ಕೆಡುತ್ತದೆ. ಮೊದಲ ತುತ್ತಿನ ಜೊತೆ ತಣ್ಣೀರಿನಲ್ಲಿ ನುಂಗಬೇಕು. ಒಂದಕ್ಕಿಂತ ಜಾಸ್ತಿ ಕ್ಯಾಪ್ಸೂಲ್ ಇದ್ದರೆ ಅಥವಾ ನಿಧಾನವಾಗಿ ಉಣ್ಣುವವರಾದರೆ ಕೆಲವನ್ನು ಊಟದ ಮಧ್ಯದಲ್ಲಿ. ಅಗಿಯಬಾರದು, ಪುಡಿ ಮಾಡಬಾರದು. ನುಂಗೋಕೆ ಕಷ್ಟ ಆದರೆ ಬಿಚ್ಚಿ ಒಳಗಿನ ಕಾಳನ್ನು ಹಿಸುಕಿದ ಸೇಬಿನಂಥ ಹುಳಿ ಅಂಶ ಇರುವ ಮೆತ್ತನೆ ಪದಾರ್ಥದ ಮೇಲೆ ಉದುರಿಸಿ ತಕ್ಷಣ ನುಂಗಿ, ಮೇಲೆ ನೀರು ಕುಡಿಯಬಹುದು. ತಿಂಡಿ ಅಂತ ಏನೇ ತಿಂದರೂ ಅದಕ್ಕೂ ಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್ (ಕೊಬ್ಬು ಅರಗಿಸುವ ಎಂಜೈಮ್), ತಿಂಡಿಗೆ ಅದರ ಅರ್ಧ ಅಂತ ಶುರು ಮಾಡುತ್ತಾರೆ. ನಿಮ್ಮ ಡಬ್ಬಿಯ ಮೇಲಿನ ಅಂಕಿಯನ್ನು ನೋಡಿಕೊಂಡು ಡಾಕ್ಟರ್ ಹತ್ತಿರ ಮಾತಾಡಿ. ಸರಿಯಾಗಿ ತೆಗೆದುಕೊಂಡೂ ಸಾಲದಿದ್ದರೆ ಡೋಸ್ ಏರಿಸುತ್ತಾರೆ, ಇಲ್ಲವೇ ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಮಾತ್ರೆ ಸೇರಿಸುತ್ತಾರೆ. ಡಬ್ಬಿಯನ್ನು ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ.

ಒಂದು ವಿಷಯ ಕೆಲವರಿಗೆ ಯಾರೂ ಹೇಳಿರುವುದಿಲ್ಲ, ಆಮೇಲೆ ಗೊತ್ತಾಗಿ ನೊಂದುಕೊಳ್ಳುತ್ತಾರೆ. ಈ ಎಂಜೈಮ್ ತೆಗೆಯುವುದು ಹಂದಿಯ ಪ್ಯಾಂಕ್ರಿಯಾಸ್‌ನಿಂದ. ನಿಮ್ಮ ಮನೆಯವರಿಗೆ ಇದು ಮುಖ್ಯ ಆಗಬಹುದು. ಬೇರೆ ಎಲ್ಲಿಂದಲೋ ತಿಳಿಯುವ ಬದಲು ನೀವೇ ಹೇಳುವುದು ಒಳ್ಳೆಯದು.

ಇನ್ನು ಆ 30 ಗ್ರಾಂ. ಅದು ಮೊದಲ ವಾರಗಳಿಗೆ ಬರೆದ ಅಂಕಿ, ಜೀವನಪೂರ್ತಿ ಅಲ್ಲ. ಇದು ನಮ್ಮ ಕಡೆಯವರ ತಪ್ಪೂ ಹೌದು. ಹಾಳೆ ಕೊಡುತ್ತೇವೆ, ಎಲ್ಲಿಯವರೆಗೆ ಅಂತ ಬರೆಯುವುದಿಲ್ಲ. ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಹಳೆಯ ಪ್ಯಾಂಕ್ರಿಯಾಟೈಟಿಸ್ ಇರುವವರಿಗೂ ಕಟ್ಟುನಿಟ್ಟಿನ ಪಥ್ಯ ಬೇಕಿಲ್ಲ ಅಂತಲೇ ಇದೆ. ಎಂಜೈಮ್ ಕೊಟ್ಟೂ ಜಿಡ್ಡಿನ ಮಲ ನಿಲ್ಲದಿದ್ದರೆ ಮಾತ್ರ ಕೊಬ್ಬು ಕಡಿಮೆ ಮಾಡುವ ಮಾತು. ತೂಕ ಇಳಿದವರಿಗೆ ಪ್ರೋಟೀನ್, ಶಕ್ತಿ ಎರಡೂ ಜಾಸ್ತಿ ಇರುವ ಊಟವನ್ನು 5-6 ಪಾಲು ಮಾಡಿ ಕೊಡಿ ಅನ್ನುತ್ತದೆ. ತುಂಬಾ ನಾರಿನಂಶದ ಊಟ ಬೇಡ ಅಂತಲೂ ಇದೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಹೊಟ್ಟು, ಹಸಿ ತರಕಾರಿ ತುಂಬಿಸುವವರನ್ನು ನೋಡಿದ್ದೇನೆ. ಹೊಟ್ಟೆ ತುಂಬುತ್ತದೆ, ತೂಕ ಬರುವುದಿಲ್ಲ. ನಿಮ್ಮ ಮನೆಯವರದ್ದು ಹೊಸದಾಗಿ ಆದದ್ದು, ಆದರೆ ಎಂಜೈಮ್ ಕೊರತೆ ಇದೆ ಅಂದ ಮೇಲೆ ದಾರಿ ಬಹುಮಟ್ಟಿಗೆ ಅದೇ. ಅವರ ಡಾಕ್ಟರ್ ಹೇಳಿದ್ದೂ ಅದನ್ನೇ ಅಲ್ವಾ.

43 ಕೆಜಿ ನನಗೆ ಆ ಚಮಚ ಬೆಣ್ಣೆಗಿಂತ ಜಾಸ್ತಿ ಭಯ ಹುಟ್ಟಿಸುತ್ತದೆ. ಕೊಬ್ಬು ಅರಗದಿದ್ದರೆ ಎ, ಡಿ, ಇ, ಕೆ ವಿಟಮಿನ್‌ಗಳೂ ಮೈಗೆ ಹತ್ತುವುದಿಲ್ಲ. ರಕ್ತದಲ್ಲಿ ವಿಟಮಿನ್ ಡಿ ನೋಡಿಸಿ, ಮೂಳೆಯ ಸಾಂದ್ರತೆ ಟೆಸ್ಟ್ ಬೇಕಾ ಅಂತ ಕೇಳಿ. ಸಕ್ಕರೆಯನ್ನೂ ಆಗಾಗ ನೋಡಿಸಬೇಕು, ಇನ್ಸುಲಿನ್ ಹುಟ್ಟುವುದೂ ಅದೇ ಗ್ರಂಥಿಯಲ್ಲಿ.

ಏಳು ವಾರದ ಆ ಕಥೆಗೆ ಒಂದು ಮಾತು. ಕಲ್ಲಿನಿಂದ ಬಂದ ಸಣ್ಣ ಪ್ಯಾಂಕ್ರಿಯಾಟೈಟಿಸ್ ಆದರೆ ಸಾಧ್ಯವಾದಷ್ಟು ಮಟ್ಟಿಗೆ ಅದೇ ಅಡ್ಮಿಷನ್‌ನಲ್ಲಿ ಪಿತ್ತಕೋಶ ತೆಗೆಯಬೇಕು ಅನ್ನುವುದು ಈಗಿನ ರೂಢಿ. ಅದನ್ನು ತಿಳಿದಿರಬೇಕಾದವರು ನೀವಲ್ಲ.

ಉತ್ತರ 3

ನಾನು ಆ ತಟ್ಟೆಯ ಎದುರು ಕೂತವಳು, ಅದಕ್ಕೇ ಬರೆಯುತ್ತಿದ್ದೇನೆ. ಮೂರು ಸಲ ಅಟ್ಯಾಕ್ ಆಗಿದೆ. ನನಗೆ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಒಂದು ಬಗೆಯ ಕೊಬ್ಬು, ವಿಪರೀತ ಜಾಸ್ತಿ, 1000 ದಾಟಿತ್ತು. ಹಾಗಾಗಿ ನನ್ನ ಪಥ್ಯ ನಿಜಕ್ಕೂ ಗಟ್ಟಿ, ಅದು ನಿಮ್ಮ ಮನೆಯವರಿಗೆ ಹೊಂದುವುದಿಲ್ಲ. ಆದರೆ ಆ ಎಡಗೈ ನನಗೆ ಚೆನ್ನಾಗಿ ಗೊತ್ತು.

ತಿಂದ ಮೇಲೆ ಹೊಟ್ಟೆಯಲ್ಲಿ ಏನೇ ಗುಡುಗುಟ್ಟಿದರೂ 'ಶುರುವಾಯಿತು' ಅನ್ನಿಸುತ್ತದೆ. ನನಗೂ ಎಂಜೈಮ್ ಸಾಲದೆ ಇದ್ದಾಗ ತುಂಬಾ ಗ್ಯಾಸ್, ಉಬ್ಬರ. ಅದನ್ನೇ ಅಟ್ಯಾಕ್ ಅಂದುಕೊಂಡು ತಿಂಗಳುಗಟ್ಟಲೆ ಅರ್ಧ ಹೊಟ್ಟೆ ಉಂಡೆ. ಆಮೇಲೆ ಎರಡರ ಗುಣ ಬೇರೆ ಅಂತ ಗೊತ್ತಾಯಿತು. ನನ್ನ ಮಟ್ಟಿಗೆ ಗ್ಯಾಸ್ ಜಾಗ ಬದಲಿಸುತ್ತದೆ, ಬರುತ್ತದೆ, ಹೋಗುತ್ತದೆ. ಅಟ್ಯಾಕ್ ಮೇಲು ಹೊಟ್ಟೆಯಲ್ಲಿ ಕೂತು ಬೆನ್ನಿಗೆ ಹೋಗುತ್ತದೆ, ಬಿಡುವುದೇ ಇಲ್ಲ, ಜೊತೆಗೆ ವಾಂತಿ. ಜ್ವರ, ಕಣ್ಣು ಹಳದಿ, ಉಸಿರು ಕಟ್ಟುವುದು ಇದ್ದರೆ ಯೋಚನೆ ಮಾಡುತ್ತಾ ಕೂರುವುದೇ ಬೇಡ, ಆಸ್ಪತ್ರೆಗೆ ಹೋಗಬೇಕು. ಗೊತ್ತಾಗದಿದ್ದರೂ ಹೋಗಬೇಕು. ಈ ವ್ಯತ್ಯಾಸವನ್ನು ಒಂದು ಹಾಳೆಯಲ್ಲಿ ಬರೆದು ಡಾಕ್ಟರ್‌ಗೆ ತೋರಿಸಿ, ಸರಿ ಇದೆ ಅನ್ನಿಸಿಕೊಂಡು ಇಟ್ಟುಕೊಂಡಿದ್ದೇನೆ. ಅದು ಇದ್ದರೆ ಧೈರ್ಯ.

ನಮ್ಮವರು ಒಂದೇ ಒಂದು ಕೆಲಸ ಮಾಡಿದರು, ನಾನು ಅದನ್ನು ಮರೆಯುವುದಿಲ್ಲ. ನಾನು ತಿನ್ನುವಾಗ ನನ್ನ ಮುಖ ನೋಡುವುದನ್ನು ನಿಲ್ಲಿಸಿದರು. ಆಫೀಸಿನ ಕಥೆ, ನಾಯಿಯ ಕಥೆ, ಏನೋ ಒಂದು ಸುಮ್ನೆ ಹೇಳುತ್ತಿದ್ದರು. ಗಡಿಯಾರವನ್ನು ಊಟದ ಕೋಣೆಯಿಂದ ತೆಗೆದು ಬೇರೆ ಕಡೆ ಹಾಕಿದರು. ನಾನು ಕೇಳಿರಲಿಲ್ಲ.

ಪ್ರಶ್ನೆ ಕೇಳಿದವರಿಂದ, ಮೂರು ವಾರದ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಮೂರು ಉತ್ತರವನ್ನೂ ಅವಳಿಗೆ ಓದಲು ಕೊಟ್ಟೆ. ಮೂರನೆಯದನ್ನು ಓದಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳೂ ಒಂದು ಹಾಳೆ ಬರೆದಳು, ಚೆಕಪ್‌ಗೆ ಹೋದಾಗ ತೋರಿಸಿದೆವು.

ಕ್ಯಾಪ್ಸೂಲ್ ವಿಷಯದಲ್ಲಿ ತಪ್ಪು ನನ್ನದೇ. ಬೇರೆ ಯಾವುದೋ ಮಾತ್ರೆಯನ್ನು ಊಟಕ್ಕೆ ಮೊದಲು ಅಂತ ಬರೆದಿದ್ದರು, ಇದನ್ನೂ ಅದರ ಜೊತೆ ಸೇರಿಸಿಬಿಟ್ಟಿದ್ದೆ. ಈಗ ಮೊದಲ ತುತ್ತಿಗೆ ಒಂದು, ಮಧ್ಯದಲ್ಲಿ ಒಂದು. ಒಂದು ವಾರದ ಒಳಗೆ ಜಿಡ್ಡು ತೇಲುವುದು ಬಹಳ ಕಡಿಮೆ ಆಯಿತು, ಉಬ್ಬರವೂ ಇಳಿಯಿತು. ಹಂದಿಯ ವಿಷಯವನ್ನೂ ಹೇಳಿದೆ. ಒಂದು ರಾತ್ರಿ ಯೋಚನೆ ಮಾಡಿ, ಬೆಳಿಗ್ಗೆ 'ತಗೋತೀನಿ' ಅಂದಳು. ಅಷ್ಟೇ, ಮತ್ತೆ ಆ ಮಾತು ಎತ್ತಲಿಲ್ಲ.

ನೋಟ್‌ಬುಕ್ ಅವಳ ಕೈಗೆ ಕೊಟ್ಟೆ. ಮೊದಲ ನಾಲ್ಕು ದಿನ ನನಗಿಂತ ಕಟ್ಟುನಿಟ್ಟಾಗಿ ಬರೆದಳು, ನನಗೆ ಗಾಬರಿ ಆಯಿತು. ಏನೂ ಹೇಳಬಾರದು ಅಂತ ನಾಲಿಗೆ ಕಚ್ಚಿಕೊಂಡು ಕೂತೆ. ಐದನೇ ದಿನ ಗ್ರಾಂ ಬರೆಯುವ ಜಾಗದಲ್ಲಿ 'ಅರ್ಧ ಮೊಟ್ಟೆ ಹಳದಿ, ಏನೂ ಆಗಲಿಲ್ಲ' ಅಂತ ಇತ್ತು. ಈಗ ಆ ಪುಸ್ತಕದಲ್ಲಿ ಏನು ತಿಂದಳು, ಏನಾಯಿತು, ಅಷ್ಟೇ ಇರುತ್ತದೆ. ತೂಕ 44.2 ಆಗಿದೆ. ಎರಡು ದಿನ ನೋವು ಬಂದಿತ್ತು, ಹಾಳೆ ನೋಡಿದೆವು, ಗ್ಯಾಸ್ ಅಂತ ಅವಳೇ ಹೇಳಿದಳು, ಎರಡು ಗಂಟೆಯಲ್ಲಿ ಹೋಯಿತು. ಆ ಎರಡು ಗಂಟೆ ನಾನು ಏನು ಮಾಡುತ್ತಿದ್ದೆ ಅಂತ ಕೇಳಬೇಡಿ.

ನಾನು ಕೂತು ಉಣ್ಣುತ್ತಿದ್ದೇನೆ, ಅವಳ ಎದುರೇ. ಮೊದಲ ದಿನ ತುತ್ತು ಇಳಿಯಲೇ ಇಲ್ಲ. ಮೊನ್ನೆ ನನ್ನ ತಟ್ಟೆಯಲ್ಲಿ ಬೆಣ್ಣೆ ಹಾಕಿದ ಆಲೂಗಡ್ಡೆ ಇತ್ತು. ನಾನು ಏನೋ ಹೇಳುತ್ತಿದ್ದೆ, ಅವಳು ಚಮಚ ಚಾಚಿ ನನ್ನ ತಟ್ಟೆಯಿಂದ ಸ್ವಲ್ಪ ತೆಗೆದುಕೊಂಡಳು. ಎಷ್ಟು ಅಂತ ನಾನು ನೋಡಿದೆ, ನೋಡದೇ ಇರೋಕೆ ಇನ್ನೂ ಆಗುತ್ತಿಲ್ಲ. ಬಾಯಿ ಮಾತ್ರ ಬಿಡಲಿಲ್ಲ. 'ಉಪ್ಪು ಕಮ್ಮಿ ಆಗಿದೆ' ಅಂದಳು. ಎದ್ದು ಹೋಗಿ ಉಪ್ಪು ತಂದೆ.

ವಿಟಮಿನ್ ಡಿ ರಿಪೋರ್ಟ್ ಮುಂದಿನ ವಾರ ಬರುತ್ತದೆ. ಬಂದ ಮೇಲೆ ಬರೆಯುತ್ತೇನೆ.

ಉತ್ತರ 1 ಬರೆದವರಿಂದ

ಬರಿ ತಮ್ಮಾ, ಕಾಯುತ್ತಿರುತ್ತೇನೆ. ನಿನ್ನ ತೂಕವನ್ನೂ ಬರಿ.